ಪರದೆಯ ಮೇಲೆ ನಿಂತ ಒಂದು ಸಾಲು

ನಾನು ನಿಂತಿದ್ದದ್ದು ಬಸವಕಲ್ಯಾಣ ತಾಲೂಕಿನ ಒಂದು ಹಳ್ಳಿಯಲ್ಲಿ, ಒಂದು ಮನೆಯ ಕಟ್ಟೆಯ ಕೆಳಗೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರ. ಹಳ್ಳಿಯ ಹೆಸರು ಬರೆಯುವುದಿಲ್ಲ. ಎರಡು ಸಾವಿರದ ಇಸವಿ ದಾಟಿ ಮೂರನೆಯದೋ ನಾಲ್ಕನೆಯದೋ ವರ್ಷ. ತೊಗರಿ ಹೂಬಿಟ್ಟಿತ್ತು. ಮಂಗಳವಾರ, ಬೆಳಿಗ್ಗೆ ಒಂಬತ್ತು ದಾಟಿತ್ತು. ನನ್ನ ಮುಂದೆ ಶೂಟಿಂಗ್ ಕಾಕಾ ನಿಂತಿದ್ದರು. ಅವರ ಎಡಗಣ್ಣು ಮುಚ್ಚಿತ್ತು. ಹದಿನೈದು ವರ್ಷ ಮದುವೆಗಳ ವಿಡಿಯೋ ತೆಗೆದು ಅವರಿಗೆ ಒಂದೇ ಕಣ್ಣಿನಿಂದ ನೋಡುವುದು ರೂಢಿಯಾಗಿತ್ತು. ಹೆಗಲ ಮೇಲೆ ಕ್ಯಾಮೆರಾ ಇಲ್ಲದಾಗಲೂ ಸಿಟ್ಟು ಬಂದರೆ, ಇಲ್ಲವೇ ಹೆದರಿದರೆ, ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಂದು ಅವರಿಗೆ ಸಿಟ್ಟಿರಲಿಲ್ಲ.

ಬಸವಕಲ್ಯಾಣದಲ್ಲಿ ಅವರ ಸ್ಟುಡಿಯೋ ನಮ್ಮ ಓಣಿಯಲ್ಲೇ ಇತ್ತು. ಬಾಯಿ ಕೆಟ್ಟದ್ದು. ಅಕ್ಷತೆಯ ಹೊತ್ತಿಗೆ ಅಡ್ಡ ನಿಂತ ಬೀಗರಿಗೂ, “ಜರಾ ಬಾಜೂ ಸರೀರಿ ಮಾವಾರ, ನಿಮ್ಮ ಲಗ್ನ ಎಂದೋ ಆಗಿ ಹೋಗ್ಯಾದ,” ಎನ್ನುತ್ತಿದ್ದರು. ಮದುವೆಯಲ್ಲಿ ಉಡುಗೊರೆ ಬಂದ ಕೊಡ, ತಟ್ಟೆಗಳ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತದಲ್ಲ, ಅದರ ಮೇಲೆ ಕ್ಯಾಮೆರಾ ನಿಲ್ಲಿಸದೆ ಕಾಕಾ ಎಂದೂ ಊಟಕ್ಕೆ ಕೂರಲಿಲ್ಲ. “ಹೆಸರು ಬರಾಬರ್ ಬರಬೇಕು. ಇಲ್ಲಂದ್ರ ನಾಳೆ ಅವ್ರು ಕೊಟ್ಟೇ ಇಲ್ಲ ಅಂತಾರ.”

ನಾನು ಕಂಪ್ಯೂಟರ್ ಕಲಿಯಲು ಅಪ್ಪ ಒಪ್ಪದಿದ್ದಾಗ ಜಗಳವಾಡಿ ಒಪ್ಪಿಸಿದವರು ಅವರೇ. ಕಲಿತು ಹುಮನಾಬಾದಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕೆಲಸ ಹಿಡಿದೆ. ಆಗ ಹೊರಗಿನ ಒಂದು ಕಂಪನಿ, ಆರೋಗ್ಯದ ಕಾರ್ಡು ಪುಕ್ಕಟೆ ಕೊಡುತ್ತೇವೆಂದು ಹೇಳಿ, ಹಳ್ಳಿಹಳ್ಳಿಯ ಮನೆಗಳಲ್ಲಿ ಫಾರಂ ತುಂಬಿಸಿತು. ಮನೆಯಲ್ಲಿ ಯಾರಿದ್ದಾರೆ, ಮದುವೆಯಾಗದ ಹೆಣ್ಣುಮಕ್ಕಳೆಷ್ಟು, ಯಾರಿಗೆ ಯಾವ ಕಾಯಿಲೆ. ಅದನ್ನೆಲ್ಲ ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ಏರಿಸಿದವನು ನಾನು. ಕೆಲವು ತಿಂಗಳಲ್ಲಿ ಅದೇ ಪಟ್ಟಿಯ ಸಿಡಿ ಔಷಧಿ ಮಾರುವವರ ಕೈಯಲ್ಲಿ, ವಧು-ವರರ ದಲ್ಲಾಳಿಗಳ ಕೈಯಲ್ಲಿ ಕಂಡಿತು. ಕಂಪನಿಯವನನ್ನು ಕೇಳಿದೆ. “ಟೈಪ್ ಮಾಡೋದು ನಿನ್ನ ಕೆಲಸ. ಓದೋದಲ್ಲ,” ಎಂದ.

ಕಾಕಾನ ಮುಂದೆ ಹೇಳಿಕೊಂಡೆ. ಎಡಗಣ್ಣು ಮುಚ್ಚಿತು. “ಮನಿ ಒಳಗಿನ ಮಾತು ತಗೊಂಡು ಹೋಗಿ ಸಂತ್ಯಾಗ ಇಟ್ಟಾರಲ್ಲಲೇ! ತಡಿ, ಇದರ ಮ್ಯಾಲ ಒಂದು ಖರೇ ಪಿಚ್ಚರ್ ಮಾಡ್ತೀನಿ.”

ಸಾಕ್ಷ್ಯಚಿತ್ರ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮದುವೆಯ ಕ್ಯಾಮೆರಾ ಹೊತ್ತು ಎರಡು ತಿಂಗಳು ಹಳ್ಳಿ ತಿರುಗಿದರು. ಮೋರಖಂಡಿಯಲ್ಲಿ ಒಬ್ಬ ಮುದುಕಿ, “ಹೊಟ್ಟಿ ಒಳಗಿಂದೂ ಕೇಳಿ ಬರಕೊಂಡಾರಪ್ಪ, ಕಾರ್ಡ್ ಒಂದು ಬಂದಿಲ್ಲ ನೋಡು,” ಎಂದದ್ದು ಅದರಲ್ಲಿತ್ತು. ಕೊನೆಗೆ ಉಳಿದದ್ದು ಪಟ್ಟಿ ಹೇಗಿರುತ್ತದೆಂದು ತೋರಿಸುವುದು. ಒಂದು ಭಾನುವಾರ, ಮಾಲೀಕ ಇಲ್ಲದಾಗ, ನಾನು ಸೆಂಟರಿನ ಬೀಗ ತೆಗೆದು ಆ ಫೈಲನ್ನು ತೆರೆದೆ. ಕಾಕಾನಿಗೆ ಕನ್ನಡ, ಮರಾಠಿ, ಉರ್ದು ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

“ಹೆಸರು ಕಾಣ್ತಾವ್ರಿ ಕಾಕಾ,” ಎಂದೆ.

“ಕಾಣಲಿ. ಹೆಸರು ಕಾಣಲಿಲ್ಲಂದ್ರ ಮಂದಿ ನಂಬ್ತಾರೇನಲೇ?”

ಕೊಡದ ಮೇಲಿನ ಹೆಸರಿಗೆ ಹೋಗುವಂತೆಯೇ ಕ್ಯಾಮೆರಾ ಹತ್ತಿರ ಹೋಯಿತು. ಎಣಿಸಿದೆ, ಎಂಟು ಸೆಕೆಂಡು ನಿಂತಿತು. ಅದು ನಿಂತ ಸಾಲನ್ನು ನಾನು ಓದಬಲ್ಲವನಾಗಿದ್ದೆ. ಸುಮ್ಮನಿದ್ದೆ.

ಎರಡು ವಾರ ಬಿಟ್ಟು ಒಂದು ಸೋಮವಾರ ಸಂಜೆ ಬಸವಕಲ್ಯಾಣದ ಕೇಬಲ್ಲಿನಲ್ಲಿ ಪಿಚ್ಚರ್ ಬಂತು. ಬಸ್‌ಸ್ಟ್ಯಾಂಡ್ ಎದುರಿನ ಚಹಾದ ಹೋಟೆಲ್ಲಿನ ಟಿವಿಯ ಕೆಳಗೆ ನಾವಿಬ್ಬರೂ ಇದ್ದೆವು. ಕಂಪನಿಯನ್ನು ಬೈಯುತ್ತ ಜನ ಕೂಡಿದರು. ಕಾಕಾ ಹಿಗ್ಗಿದ್ದರು. ಆಮೇಲೆ ಆ ಎಂಟು ಸೆಕೆಂಡು ಬಂತು. ಕಾಲೇಜು ಹುಡುಗನೊಬ್ಬ ಗಟ್ಟಿಯಾಗಿ ಓದಿದ: ಒಬ್ಬ ಹುಡುಗಿಯ ಹೆಸರು, ಅಪ್ಪನ ಹೆಸರು, ಊರು, ವಯಸ್ಸು, ಕಾಯಿಲೆ.

“ಅಕಿ ಲಗ್ನ ಮುಂದಿನ ತಿಂಗಳ ಅದಲ್ಲೋ!” ಎಂದರು ಯಾರೋ.

“ಬೀಗರಿಗಿ ಫೋನ್ ಹಚ್ಚು ಮತ್ತ,” ಎಂದು ಇನ್ನೊಬ್ಬರು ನಕ್ಕರು.

“ಏನಂತ ಬರದದಲೇ ಅಲ್ಲಿ?” ಕಾಕಾ ನನ್ನ ಕಡೆ ತಿರುಗಿದರು. ಹೇಳಿದೆ. ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟರು. “ಆ ಲಗ್ನದ ಶೂಟಿಂಗ್ ನಂದೇ ಅದ,” ಎಂದರು.

ನಕ್ಕವರೇ ಫೋನ್ ಮಾಡಿದರೋ, ಬೀಗರೇ ನೋಡಿದರೋ ತಿಳಿಯದು. ಬೆಳಗಾಗುವುದರೊಳಗೆ ಸಂಬಂಧ ಮುರಿದಿತ್ತು.

ಅದಕ್ಕೇ ಆ ಮಂಗಳವಾರ ನಾವು ಅಲ್ಲಿಗೆ ಹೋದದ್ದು. ಹೋಗಬೇಡಿ ಎಂದಿದ್ದೆ, ಕಾಕಾ ಕೇಳಲಿಲ್ಲ. ಕಟ್ಟೆಯ ಮೇಲೆ ಹುಡುಗಿಯ ಸೋದರಮಾವ ಕೂತಿದ್ದ. ಕಾಕಾ ಚೀಲದಿಂದ ಆ ಪಿಚ್ಚರಿನ ಕ್ಯಾಸೆಟ್ ತೆಗೆದು, ಅದರೊಳಗಿನ ಟೇಪನ್ನು ಮೊಳಮೊಳ ಎಳೆದು ಅವನ ಕಾಲ ಬಳಿ ಹಾಕಿದರು.

ಹುಡುಗಿ ಹೊಸ್ತಿಲಿಗೆ ಬಂದಳು. ಅತ್ತಿರಲಿಲ್ಲ.

“ಟೇಪ್ ಹರದರ ಮಂದಿ ಬಾಯಾಗಿಂದ ಹೋಗ್ತದೇನ್ರಿ? ಕಂಪನಿಯವ್ರು ಸುಳ್ಳರ ಹೇಳಿ ಕೇಳಿ ಬರಕೊಂಡ್ರು. ನೀವು ಒಂದು ಮಾತು ಕೇಳಲೂ ಇಲ್ಲಲ್ರಿ ಕಾಕಾ.”

ಸೋದರಮಾವ ಇಳಿದು ಬಂದ. “ಕಂಪ್ಯೂಟರ್ ತೆಗದು ಹೆಸರು ತೋರಿಸ್ದಾಂವ ಯಾರು? ಹೇಳು! ಕೈ ಮುರೀತೀನಿ ಅವಂದು.” ಅವನು ನನ್ನ ಕಡೆ ನೋಡಿದ. ನಾನು ಟೇಪಿನ ಗುಡ್ಡೆ ನೋಡಿದೆ.

“ನಾನೇ ತೆಗದೀನ್ರಿ,” ಎಂದರು ಕಾಕಾ. ಕಂಪ್ಯೂಟರಿನ ಸ್ವಿಚ್ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಎರಡು ಏಟು ಬಿದ್ದವು, ಎರಡೂ ಎಡಗೆನ್ನೆಗೆ. ದಾರಿಯಲ್ಲಿ ನಾನು ಬಾಯಿ ತೆರೆಯಹೋದೆ. “ಸುಮ್ನಿರು. ನಿನಗ ಇನ್ನೂ ನೌಕರಿ ಮಾಡೋದದ,” ಎಂದರು.

ಕಂಪನಿಗೆ ಏನೂ ಆಗಲಿಲ್ಲ. ಕಾಕಾ ಮತ್ತೆ ಖರೇ ಪಿಚ್ಚರ್ ಮಾಡಲಿಲ್ಲ. ಮದುವೆಗಳಲ್ಲಿ ಕೊಡ, ತಟ್ಟೆಗಳನ್ನು ಹೆಸರು ಗೋಡೆಯ ಕಡೆ ಬರುವಂತೆ ತಿರುಗಿಸಿ ತೆಗೆಯುತ್ತಿದ್ದರು. ಪಂಕ್ತಿಯಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, “ತಗೀಲೇನ್ರಿ?” ಎಂದು ಕೇಳುತ್ತಿದ್ದರು. ಬಾಯಿ ಜೋರಿದ್ದ ಮನುಷ್ಯ ಹೀಗೇಕಾದರೆಂದು ಜನ ನಗುತ್ತಿದ್ದರು. ಆರ್ಡರುಗಳು ಕಡಿಮೆಯಾದವು. ಐದಾರು ವರ್ಷ ಬಿಟ್ಟು ತೀರಿಕೊಂಡರು. ಮುಖದ ಮೇಲಿನ ಬಟ್ಟೆ ಸರಿಸಿದಾಗ ನಾನು ನೋಡಿದ್ದು ಎಡಗಣ್ಣನ್ನಲ್ಲ, ಅದರ ಕೆಳಗಿನ ಕೆನ್ನೆಯನ್ನು.

ಆ ಬೆಳಿಗ್ಗೆ ಅಲ್ಲಿದ್ದವರಲ್ಲಿ ಬದುಕಿರುವವರು ಮೂವರು. ಆ ಸೋದರಮಾವ; ಈಗ ಕಿವಿ ಕೇಳಿಸುವುದಿಲ್ಲ. ಆ ಹುಡುಗಿ, ಎಲ್ಲಿದ್ದಾಳೆಂದು ನನಗೆ ಗೊತ್ತು, ಬರೆಯುವುದಿಲ್ಲ. ಮತ್ತೆ ನಾನು. ಫೈಲು ತೆರೆದವನು ಯಾರೆಂದು ಅವರಿಬ್ಬರಿಗೂ ಇಂದಿಗೂ ಗೊತ್ತಿಲ್ಲ.