ಕೊನೆಯ ಫಾರಂ ಇಲ್ಲದ ಪುಸ್ತಕ

ಬೀದಿಯವರು ಅವಳನ್ನು ಬೆದರುಬೊಂಬೆ ಎನ್ನುತ್ತಿದ್ದರು. "ಬೊಂಬೆ ಕಂಡು ಹಕ್ಕಿ ಬೆದರಬೇಕು, ನಮ್ಮಲ್ಲಿ ಹಕ್ಕಿ ಕಂಡು ಬೊಂಬೆಯೇ ಬೆದರುತ್ತೆ" ಎಂದು ಎದುರುಮನೆಯ ಬಟ್ಟೆ ಹೊಲಿಯುವ ಹೆಂಗಸು ನಗುವಳು. ಸುಳ್ಳೇನಲ್ಲ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ಬೀಗ ಎಳೆದು ನೋಡುವಳು. ಮತ್ತೆ ಹೋಗಿ, ಮತ್ತೆ ಬರುವಳು. ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಿ ಸೂಜಿಯನ್ನು ಬೆರಳಿಗೇ ಚುಚ್ಚಿಕೊಳ್ಳುವಳೆಂದು ನೆರೆಯವರು ಮೊದಲು ಕೆಮ್ಮಿ, ಆಮೇಲೆ ತಟ್ಟುತ್ತಿದ್ದರು.

ಪುಸ್ತಕ ಹೊಲಿಯುವುದು ಅವಳ ಕಸುಬು, ಅಪ್ಪನಿಂದ ಬಂದದ್ದು. ಪ್ರೆಸ್ಸಿನಿಂದ ಬಂದ ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ದಾರ ಹೊಲಿದು, ಅಂಟು ಬಳಿದು, ಅಂಚು ಕತ್ತರಿಸಿದರೆ ಪುಸ್ತಕ. ಕೆಟ್ಟುಹೋದ ಪ್ರತಿಗಳು ಅವಳ ಪಾಲಿಗೆ. ಅವಳ ಅಚ್ಚುಮೆಚ್ಚಿನ ಪುಸ್ತಕಗಳೆಲ್ಲ ಹೀಗೆ ಅಂಗಡಿಯ ಮುಖ ಕಾಣದವೇ.

ಜೇನು ಸಾಕುವವನೊಬ್ಬ ಬರೆದ ಪುಸ್ತಕದಲ್ಲಿ ನಡುವಿನ ಪುಟಗಳು ತಲೆಕೆಳಗು. "ಹುಳ ಮುತ್ತಿದಾಗ ಓಡಬೇಡ, ನಿಂತು ಉಸಿರಾಡು ಅಂತ ಬರ್ದಿದ್ದಾನೆ ಪುಣ್ಯಾತ್ಮ. ಹೆದರಬೇಡ ಅಂತ ಒಂದು ಕಡೆನೂ ಬರ್ದಿಲ್ಲ ನೋಡು! ಹೆದರಿದ ಮೇಲೆ ಏನು ಮಾಡ್ಬೇಕು ಅಂತ ಹೇಳೋದು ತಾನೇ ಪುಸ್ತಕ?" ಎನ್ನುವಳು ತಂಗಿಗೆ. ಶಾಯಿ ಅರ್ಧಕ್ಕರ್ಧ ಹತ್ತದ ಪ್ರವಾಸಿಯ ಪುಸ್ತಕವೊಂದಿತ್ತು. ಅಳಿಸಿದ ದಾರಿಯನ್ನು ತಾನೇ ಊಹಿಸಿಕೊಂಡು, ಮನೆಯಿಂದ ಕದಲದೆ, ಅವನ ಜೊತೆ ಬೆಟ್ಟ ಹತ್ತುವಳು.

ಎಲ್ಲಕ್ಕಿಂತ ಮಿಗಿಲು ದೋಣಿಯವಳ ಕಾದಂಬರಿ. ಹೆರಿಗೆ ನೋವು ತಿನ್ನುತ್ತಿರುವ ನೆರೆಯವಳನ್ನು ಆಚೆ ದಡದ ಸೂಲಗಿತ್ತಿಗೆ ಮುಟ್ಟಿಸಲು, ಈಜು ಬಾರದವಳೊಬ್ಬಳು ಉಕ್ಕುವ ಹೊಳೆಗೆ ದೋಣಿ ಇಳಿಸುತ್ತಾಳೆ. ನಡುಹೊಳೆಯಲ್ಲಿ ದೋಣಿಯ ಹುಟ್ಟು ಕೈತಪ್ಪುತ್ತದೆ. ಪುಟ ತಿರುವಿದರೆ, ಜೇನುಪೆಟ್ಟಿಗೆಗೆ ಬಣ್ಣ ಬಳಿಯುವ ಕ್ರಮ! ಹುಡುಗಿಯಾಗಿದ್ದಾಗ ಹೊಲಿಗೆಯಲ್ಲಿ ಅವಳೇ ಮಾಡಿದ ಎಡವಟ್ಟು. ಒಂದರ ಕೊನೆಯ ಫಾರಂ ಇನ್ನೊಂದಕ್ಕೆ ಹೊಲಿದಿದ್ದಳು. ಅಪ್ಪ ಕಿವಿ ಹಿಂಡಿ, ಸರಿಯಾದ ಪ್ರತಿ ತೋರಿಸಲು ಬಂದರೆ ಎದ್ದು ಓಡಿದಳು. ದೋಣಿ ಮುಳುಗಿದ್ದರೆ? ಗೊತ್ತಿಲ್ಲದಿದ್ದರೆ ಮುಳುಗಿಲ್ಲ ಎಂಬುದು ಅವಳ ಲೆಕ್ಕ.

ತನ್ನ ಹೊಟ್ಟೆಯಲ್ಲಿ ಗಂಟು ಕೈಗೆ ಸಿಕ್ಕಾಗಲೂ ಅದೇ ಲೆಕ್ಕ. ಕೊನೆಗೆ ತಂಗಿ ಆಸ್ಪತ್ರೆಗೆ ದರದರ ಎಳೆದುಕೊಂಡು ಹೋದಳು. "ಹೊಟ್ಟೆ ತೆರೆದು ನೋಡದೆ ಏನೂ ಹೇಳೋಕಾಗಲ್ಲ, ತಡ ಮಾಡಬೇಡಿ" ಎಂದರು ಡಾಕ್ಟರು. ಅವಳು ಮನೆಗೆ ಬಂದು ಒಳಗಿನಿಂದ ಅಗುಳಿ ಹಾಕಿಕೊಂಡಳು.

ಅದೇ ವಾರ ದೋಣಿಯವಳ ಕಾದಂಬರಿ ಮರುಮುದ್ರಣವಾಗಿ, ಹಾಳೆಗಳು ಹೊಲಿಗೆಗೆ ಬಂದಿದ್ದವು. ತಂಗಿ ಬಂದಾಗ ಮೂಲೆಯ ರಾಶಿಯೊಂದರ ಮೇಲೆ ಚಾದರವಿತ್ತು.

"ಇದೇನಕ್ಕಾ, ಹೆಣಕ್ಕೆ ಹೊದಿಸಿದ ಹಾಗೆ?"

"ಕೊನೇ ಫಾರಂ. ಮುಟ್ಟಬೇಡ."

"ನಾಳೆ ಆಸ್ಪತ್ರೆಗೆ ಹೊರಡಬೇಕು."

"ಮುಂದಿನ ತಿಂಗಳು ನೋಡೋಣ ಕಣೇ. ಕೆಲಸ ರಾಶಿ ಬಿದ್ದಿದೆ."

"ರಾಶಿಗೆ ಹೊದಿಸಿ ಮಲಗಿಸಿದ್ದೀಯಲ್ಲ!"

"ಅಲ್ಲಿ ಮದ್ದು ಕೊಟ್ಟು ಕಣ್ಣು ಮುಚ್ಚಿಸ್ತಾರೆ ಕಣೇ. ಆಮೇಲೆ ತೆರೀದೇ ಹೋದ್ರೆ?"

ತಂಗಿ ನಗಲಿಲ್ಲ. "ನಿನ್ನ ದೋಣಿಯವಳು ಮುಳುಗಬಾರದು ಅಂತ ಇಷ್ಟು ವರ್ಷ ಕಾಪಾಡಿದೆ. ದಡಾನೂ ಮುಟ್ಟಿಸಲಿಲ್ಲವಲ್ಲಕ್ಕಾ. ನೋವು ತಿನ್ನೋ ಬಸುರೀನ ಮುಂದೆ ಕೂರಿಸ್ಕೊಂಡು ಇನ್ನೂ ನಡುನೀರಲ್ಲೇ ಇದ್ದಾಳೆ ಅವಳು."

ದೋಣಿಯವಳ ಬಗ್ಗೆ ಅಕ್ಕ ಎಷ್ಟೆಲ್ಲ ನಡುಗಿದ್ದಳು. ಆ ಬಸುರಿಯ ಕೂಗು ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಈಗ ಬಿತ್ತು.

ಚಾದರದ ಕೆಳಗೆ ಕೈ ತೂರಿಸಿ ಒಂದು ಹಾಳೆ ಎಳೆದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಮಡಿಸಿದಳು. ಕೈಗೆ ದಾರಿ ಗೊತ್ತಿತ್ತು. ಹಳೆಯ ಪ್ರತಿಯ ದಾರ ಬಿಚ್ಚಿ, ಜೇನಿನ ಪುಟಗಳನ್ನು ತೆಗೆದು, ಇದನ್ನು ಹೊಲಿದಳು. ಅಂಚು ಮಾತ್ರ ಕತ್ತರಿಸಲಿಲ್ಲ. ಪುಟಗಳು ಮಡಿಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡಂತೆಯೇ, ನಾಲಗೆ ಚಾಚಿದ ಹಾಗೆ, ಪುಸ್ತಕದಿಂದ ಹೊರಗಿಣುಕುತ್ತಿದ್ದವು.

"ಅಲ್ಲೇ ಸೀಳಿ ಓದ್ತೀನಿ. ಕಣ್ಣು ಮುಚ್ಚಿಸೋ ಮುಂಚೆ."

ಓದಿದಳಂತೆ. ಆಮೇಲೆ ಕಣ್ಣು ತೆರೆಯಲಿಲ್ಲ. ದೋಣಿ ಏನಾಯಿತೆಂದು ಯಾರಾದರೂ ಕೇಳಿದರೆ ತಂಗಿ ಬಾಯಿ ಬಿಡುವುದಿಲ್ಲ, "ಓದಿ ನೋಡಿ" ಎಂದು ಪುಸ್ತಕವನ್ನೇ ಕೈಗಿಡುತ್ತಾಳೆ. ಬೀದಿಯ ಅರ್ಧ ಮನೆಗಳನ್ನು ಅದು ಸುತ್ತಿ ಬಂದಿದೆ.

ಹೊರಟ ಬೆಳಗ್ಗೆ ಇದೆಲ್ಲ ಯಾರಿಗೆ ಗೊತ್ತಿತ್ತು? ಪುಸ್ತಕವನ್ನು ಎದೆಗೆ ಅವಚಿಕೊಂಡು, ಬೀಗ ಹಾಕಿ, ತಂಗಿಯ ತೋಳು ಹಿಡಿದು ತಿರುವಿನವರೆಗೆ ಹೋದವಳು ಗಕ್ಕನೆ ನಿಂತಳು. ತಿರುಗಿ ಮನೆಯ ಕಡೆ ನೋಡಿದಳು. ಒಂದು ಹೆಜ್ಜೆ ಹಿಂದಕ್ಕೂ ಇಟ್ಟಳು.

ಬೆದರುಬೊಂಬೆ ಎಂದು ಹೆಸರಿಟ್ಟ ಎದುರುಮನೆಯವಳೇ ಆಗ ಅಳತೆ ಟೇಪು ಕೊರಳಲ್ಲಿ ಜೋತಾಡಿಸುತ್ತ ರಸ್ತೆ ದಾಟಿ ಓಡಿಬಂದಳು. "ನೀನು ಹೋಗಮ್ಮಾ! ಬೀಗ ನಾನು ನೋಡ್ತೀನಿ!" ಎಂದು ಕೂಗಿ, ತಿರುವಿನವರೆಗೂ ಕೇಳುವಂತೆ ಬೀಗವನ್ನು ಬಲವಾಗಿ ಜಗ್ಗಿದಳು. ಮತ್ತೊಮ್ಮೆ ಜಗ್ಗಿದಳು.

ಅಕ್ಕ ನಿಂತು ಒಂದು ಉಸಿರು ತೆಗೆದುಕೊಂಡಳು. ಆಮೇಲೆ ಓಡದೆ, ಮೆಲ್ಲಗೆ ತಿರುವು ದಾಟಿದಳು.