ಬರ್ತೀನಿ ಎಂದವರ ರಸ್ತೆ

ದೆವ್ವ, ಗಾಳಿ ಎಂದರೆ ನಾನು ಮೊದಲಿನಿಂದಲೂ ನಗುವವನು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ, "ನಿಮ್ಮ ದೆವ್ವ ಮುಂಜಾನಿ ಲೋಕಲ್ ಟ್ರೇನ್ ಹತ್ತಿ ತೋರಿಸ್ಲಿ, ಆಮ್ಯಾಲ ನಂಬ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಬರೆಯುತ್ತೇನೆ, ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನಗೊಂದು ಹುಚ್ಚಿದೆ, ಜನ ಬಿಟ್ಟುಹೋದ ರಸ್ತೆಗಳ ಫೋಟೋ ತೆಗೆಯುವುದು. ನಮ್ಮ ಕಡೆ ಅವು ಬೇಕಾದಷ್ಟು. ಠಾಣೆಯಲ್ಲಿ ಫ್ಲೈಓವರ್ ಬಂದ ಮೇಲೆ ಅದರ ಬುಡದಲ್ಲೇ ಮುಂದೆ ದಾರಿಯಿಲ್ಲದೆ ಉಳಿದ ಹಳೆಯ ರಸ್ತೆ, ನೆರೂಳದ ಆಚೆ ಮನೆಗಳು ಬರುವ ಮೊದಲೇ ಹಾಕಿ ಮ್ಯಾಂಗ್ರೋವ್ ಗಿಡಗಳ ಮುಂದೆ ತಟ್ಟನೆ ನಿಂತುಹೋದ ಅಗಲವಾದ ರಸ್ತೆ. ವಾರವಿಡೀ ಐರೋಲಿಯ ಆಫೀಸಿಗೆ ನೂಕುನುಗ್ಗಲಿನಲ್ಲಿ ಹೋಗಿಬರುವವನಿಗೆ, ಒಬ್ಬರೂ ಇಲ್ಲದ ರಸ್ತೆಯ ನಡುವೆ ನಿಲ್ಲುವುದೇ ಒಂದು ಸುಖ. ಹೆಂಡತಿ ಸುಮಾ, "ಮಂದಿ ತಂಪ ಹವಾಕ್ಕಂತ ಮಾಥೇರಾನ ಗುಡ್ಡಕ್ಕ ಹೋಗ್ತಾರ, ನೀವು ಹಾಳ ರಸ್ತಾಕ್ಕ ಹೋಗ್ತೀರಿ" ಎಂದು ಆಡಿಕೊಳ್ಳುತ್ತಾಳೆ.

ಕೆಲವು ವರ್ಷಗಳ ಹಿಂದಿನ ಮಾತು. ಅವ್ವನನ್ನು ಆಪರೇಷನ್ನಿಗೆಂದು ಕಲ್ಯಾಣದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಪಿತ್ತಕೋಶದಲ್ಲಿ ಕಲ್ಲು. ದೊಡ್ಡ ಆಪರೇಷನ್ನಲ್ಲ, ಆದರೆ ಅವಳ ಹೃದಯ ಸ್ವಲ್ಪ ದುರ್ಬಲವೆಂದು ಡಾಕ್ಟರು ಹೇಳಿದ್ದರಿಂದ ನನ್ನ ಜೀವ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆಪರೇಷನ್ ಇದ್ದದ್ದು ಸಂಜೆ. ಮಧ್ಯಾಹ್ನ ನನ್ನ ಚಡಪಡಿಕೆ ನೋಡಲಾರದೆ ಅವ್ವನೇ, "ಎಲ್ಲಿಗರ ಹೋಗಿ ಬಾರೋ. ನನ್ನ ಒಳಗ ಒಯ್ಯೂದ್ರಾಗ ಬಂದ್ರ ಸಾಕು. ನಿನ್ನ ಮಾರಿ ನೋಡೇ ನಾ ಒಳಗ ಹೋಗಾಕಿ" ಎಂದಳು.

ಬಾಗಿಲಲ್ಲಿ ನಿಂತು "ಬರ್ತೀನವ್ವಾ" ಎಂದೆ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನುವ ಮಾತು ನಮ್ಮಲ್ಲಿ ಇಲ್ಲವೇ ಇಲ್ಲ. ಅದು ಸಾಯುವವರ ಮಾತು. ಚಿಕ್ಕವನಿದ್ದಾಗ ಬಾಯಿತಪ್ಪಿ ಅಂದರೆ ಅವ್ವ ಬಾಯಿಗೆ ಹೊಡೆದು, 'ಬರ್ತೀನಿ' ಅನ್ನಿಸಿಯೇ ಬಿಡುತ್ತಿದ್ದಳು.

ನರ್ಸಿಂಗ್ ಹೋಮಿನಿಂದ ಸ್ವಲ್ಪ ದೂರದಲ್ಲಿ, ಖಾಡಿಯ ಕಡೆಗೆ, ಎಂದರೆ ಸಮುದ್ರದ ಹಿನ್ನೀರಿನ ಕಡೆಗೆ, ಬೈಪಾಸ್ ಆದ ಮೇಲೆ ಬಿಟ್ಟುಹೋದ ರಸ್ತೆಯೊಂದಿತ್ತು. ವಾಹನ ಹೋಗದಂತೆ ಬಾಯಿಗೆ ಮಣ್ಣಿನ ಗುಡ್ಡೆ ಹಾಕಿದ್ದರು. ಸ್ಕೂಟರ್ ಅಲ್ಲೇ ನಿಲ್ಲಿಸಿ ಒಳಗೆ ನಡೆದೆ. ಒಂದು ಕಡೆ ಮುಚ್ಚಿದ ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ಕಡೆ ಖಾಡಿಯ ಕೆಸರು. ತಿರುವೇ ಇಲ್ಲದ ನೇರ ರಸ್ತೆ. ನಡುವೆ, ಹಿಂದೆ ಲಾರಿಗಳಿಂದ ಸುಂಕ ವಸೂಲಿ ಮಾಡುತ್ತಿದ್ದ ಜಕಾತಿ ನಾಕಾದ ಪಾಳು ಕೋಣೆ. ನಾನು ಅದರ ಫೋಟೋ ತೆಗೆಯುತ್ತ ಹತ್ತಿರ ಹೋದಾಗಲೇ ಮೆಟ್ಟಿಲ ಮೇಲೆ ಕೂತ ಹೆಂಗಸು ಕಣ್ಣಿಗೆ ಬಿದ್ದದ್ದು. ತೊಡೆಯ ಮೇಲೆ ಚೀಲ. ಕಲ್ಲು ಎಡವಿ "ಅಯ್ಯೋ ಶಿವನೇ" ಎಂದೆ ನೋಡಿ, ಆಕೆ ತಲೆ ಎತ್ತಿದಳು.

"ಯಾರಿಗಿ ಹುಡ್ಕಲತ್ತೀರಿ ಯಪ್ಪಾ?" ಅಪ್ಪಟ ಕಲಬುರಗಿ ಕಡೆಯ ಮಾತು. ಯಾರನ್ನೂ ಇಲ್ಲ, ಸುಮ್ಮನೆ ಬಂದೆ ಎಂದೆ. ತಾನು ಮಗನ ದಾರಿ ಕಾಯುತ್ತಿದ್ದೇನೆ ಎಂದಳು. "ಇಲ್ಲೇ ಲಾರಿಗೋಳಿಗಿ ಹಮಾಲಿ ಮಾಡ್ತಿದ್ದ. ಬರ್ತೀನಂತ ಹೇಳಿ ಹ್ವಾದ." ಇಲ್ಲಿ ಲಾರಿ ನಿಲ್ಲುವುದು ತಪ್ಪಿ ಎಷ್ಟೋ ವರ್ಷಗಳಾಗಿದ್ದವು. ಅದನ್ನು ಹೇಳಲು ಮನಸ್ಸಾಗಲಿಲ್ಲ. "ಬರ್ತೀನಮ್ಮಾ" ಎಂದು ತಿರುಗಿ ಹೊರಟೆ.

ಬಹಳ ಹೊತ್ತು ನಡೆದರೂ ಮಣ್ಣಿನ ಗುಡ್ಡೆ ಬರಲಿಲ್ಲ. ಎದುರಿಗೆ ಬಂದದ್ದು ಅದೇ ಕೋಣೆ, ಅದೇ ಹೆಂಗಸು. ದಿಕ್ಕು ತಪ್ಪಿರಬೇಕೆಂದು ಪೆಚ್ಚಾಗಿ ನಕ್ಕು, ಮತ್ತೆ "ಬರ್ತೀನಿ" ಎಂದು ತಿರುಗಿದೆ. ಈ ಸಲ ಗೋಡೆಗೆ ಕೈ ತಾಗಿಸಿಕೊಂಡೇ ನಡೆದೆ. ಮತ್ತೆ ಅದೇ ಕೋಣೆ. ಆಚೆಯ ಹೈವೇಯಲ್ಲಿ ಟ್ರಕ್ಕುಗಳ ಹಾರ್ನ್ ಸ್ಪಷ್ಟವಾಗಿ ಕೇಳುತ್ತಿತ್ತು. ಬಿಸಿಲು ಇಳಿಯತೊಡಗಿತ್ತು.

ಫೋನು ಬಂತು, ಸುಮಾ. "ಡಾಕ್ಟರ್ ಬಂದಾರ್ರಿ. ಅವ್ವ ನಿಮ್ಮನ್ನ ಕೇಳಾಕತ್ತಾರ. ಲಗೂನ ಬರ್ರಿ."

"ಬಂದೆ, ಬಂದೆ" ಎಂದು ಓಡಿದೆ. ಓಡಿ ಬಂದು ನಿಂತದ್ದು ಆ ಮೆಟ್ಟಿಲ ಮುಂದೆಯೇ. ಗೋಡೆ ಹತ್ತಲು ನೋಡಿದೆ, ಕೈ ತರಚಿತು. ಕೆಸರಿಗೆ ಇಳಿದೆ, ಮೊಳಕಾಲವರೆಗೆ ಹೂತುಹೋದೆ. ಹೆದರಿದೆ ಎನ್ನಲು ನನಗೇನೂ ನಾಚಿಕೆಯಿಲ್ಲ, ಚಿಕ್ಕ ಮಗುವಿನ ಹಾಗೆ ಹೆದರಿದೆ. ಅವ್ವ ನನ್ನ ಮುಖ ನೋಡದೆ ಒಳಗೆ ಹೋಗಿಬಿಡುತ್ತಾಳೆ ಎಂಬುದೊಂದೇ ತಲೆಯಲ್ಲಿ.

ಆಕೆ ಇದನ್ನೆಲ್ಲ ನೋಡುತ್ತ ಕೂತಿದ್ದಳು. ಕೊನೆಗೆ, "ಬರ್ತೀನಿ ಬರ್ತೀನಿ ಅನಕೋತ ಹ್ವಾದ್ರ ಬರಲೇಬೇಕಲ್ಲ ಯಪ್ಪಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ತೀನಿ ಅನ್ನು."

ಬೇರೆ ದಿನವಾಗಿದ್ದರೆ ಅನ್ನುತ್ತಿದ್ದೆನೋ ಏನೋ. ಅವ್ವನನ್ನು ಆಪರೇಷನ್ನಿಗೆ ಒಯ್ಯುವ ದಿನ ಆ ಮಾತು ಆಡಲು ನಾಲಿಗೆ ಹೊರಳಲಿಲ್ಲ. ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಕಣ್ಣು ಮುಚ್ಚಿ "ಹೋಗ್ತೀನಿ" ಎಂದೆ. ಆಕೆ ಮುಖ ಆಚೆ ತಿರುಗಿಸಿಕೊಂಡಳು. ಸ್ವಲ್ಪ ದೂರ ನಡೆದಿದ್ದೆನಷ್ಟೆ, ಮಣ್ಣಿನ ಗುಡ್ಡೆ ಬಂತು, ಅದರಾಚೆ ನನ್ನ ಸ್ಕೂಟರ್.

ಕೆಸರಿನ ಕಾಲಲ್ಲೇ ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಿದೆ. ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಬಾಗಿಲಲ್ಲಿತ್ತು. ಅವ್ವನ ಕೈ ಹಿಡಿದು, "ಅವ್ವಾ, ಬಂದೆ" ಎಂದೆ. ಅವಳು ಅರ್ಧ ಕಣ್ಣು ತೆರೆದು ನನ್ನನ್ನೇ ನೋಡಿದಳು.

"ಹೋಗ್ತೀನಿ ಅಂದ್ಯಲ್ಲೋ. ಮತ್ತ್ಯಾಕ ಬಂದಿ?"

ಇಂಜೆಕ್ಷನ್ನಿನ ಮಂಪರು ಎಂದಳು ಸುಮಾ. ಇರಬಹುದು. ಆಪರೇಷನ್ ಚೆನ್ನಾಗಿಯೇ ಆಯಿತು. ನಂತರ ಒಂದು ಭಾನುವಾರ ಗೆಳೆಯನ ಜೊತೆ ಆ ರಸ್ತೆಗೆ ಹೋದೆ. ನಡೆದು ಹೋದೆವು, ನಡೆದು ಬಂದೆವು, ಅಷ್ಟೇ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆಪರೇಷನ್ ದಿನ ತೆಗೆದ ಫೋಟೋದಲ್ಲಿ ಮಾತ್ರ ಆಕೆ ಚೀಲ ಹಿಡಿದುಕೊಂಡು ಕೂತಿದ್ದಾಳೆ. ಫೋಟೋದಲ್ಲಿ ಇಲ್ಲದಿದ್ದರೆ ದೆವ್ವ ಎಂದು ಕೈತೊಳೆದುಕೊಳ್ಳುತ್ತಿದ್ದೆ. ಕಾಯುವ ತಾಯಿಗೆ ನಾನು ಬರುವುದಿಲ್ಲವೆಂದು ಹೇಳಿ ಬಂದೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಆ ದಿನದ್ದೇನೂ ನೆನಪಿಲ್ಲ ಎನ್ನುತ್ತಾಳೆ ಅವ್ವ. ಆದರೆ ಈಗ ನಾನು ಆಫೀಸಿಗೆ ಹೊರಟು "ಬರ್ತೀನವ್ವಾ" ಎಂದರೆ ಅವಳಿಗೆ ಸಾಲದು. ಬಾಗಿಲವರೆಗೂ ಬಂದು, ನನ್ನ ಬಾಯಿಯನ್ನೇ ನೋಡುತ್ತ, "ಇನ್ನೊಮ್ಮೆ ಅನ್ನು" ಎನ್ನುತ್ತಾಳೆ. ಮೊದಲು ಹೀಗಿರಲಿಲ್ಲ. ನಾನು ಇನ್ನೊಮ್ಮೆ ಅಂದು ಲಿಫ್ಟಿನತ್ತ ನಡೆಯುತ್ತೇನೆ. ಯಾಕೆಂದು ಒಂದು ದಿನವೂ ಕೇಳಿಲ್ಲ.