ಬೆಲ್‌ಬಾಟಮ್ ಮೇಲಿನ ಬಿಳಿ ಕೂದಲು

ಗೆಳೆಯರೇ, ನಮ್ಮ ಪಾಮೇರಿಯನ್ ನಾಯಿ ಚಿನ್ನಿ ಇವತ್ತು ಅಕ್ಕನ ಮದುವೆಯನ್ನೇ ತಪ್ಪಿಸುವುದರಲ್ಲಿತ್ತು. ಅಕ್ಕನನ್ನು ನೋಡಲು ಹುನಗುಂದದಿಂದ ಗಂಡಿನವರು ಇಳಕಲ್ಲಿನ ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆಯೇ ಚಿನ್ನಿಯನ್ನು ಬಾಚಿ, ಜಮಖಾನೆ ಝಾಡಿಸಿ ಹಾಸಿದ್ದೆವು. ಆದರೂ ಹುಡುಗ ಎದ್ದು ನಿಂತಾಗ ಅವನ ಹೊಸ ಕಪ್ಪು ಬೆಲ್‌ಬಾಟಮ್ ತುಂಬ ಬಿಳಿ ಕೂದಲು!

ಅವನ ತಾಯಿ ಒಂದು ಎಳೆ ಎತ್ತಿ ಹಿಡಿದರು. "ಯಾರ್ದ್ರಿ ಈ ಬಿಳಿ ಕೂದಲಾ? ಹುಡುಗಿ ವಯಸ್ಸು ಖರೆ ಹೇಳ್ರಿ."

ಅಕ್ಕನೇ ಹೇಳಿದಳು: "ನಾಯೀದ್ರಿ. ಭಾಳ ಉದರತಾವು. ದಿನಾ ಬಾಚಿದ್ರ ಕಡಿಮಿ ಆಗತೈತ್ರಿ."

ಹುಡುಗ ತನ್ನ ಅರೆಬೋಳು ತಲೆ ಸವರಿಕೊಂಡು ಮೆಲ್ಲಗೆ ಕೇಳಿದ: "ಖರೇನ ಕಡಿಮಿ ಆಗತೈತೇನ್ರಿ?"

ಎಲ್ಲರೂ ನಕ್ಕರು, ಸಂಬಂಧ ಕೂಡಿತು. ಚಿನ್ನಿಯನ್ನು ಮಾತ್ರ ಅಕ್ಕ ಜೊತೆಗೆ ಒಯ್ಯುವುದಿಲ್ಲವಂತೆ. ಕೂದಲು ಉದುರುವವರು ಮನೆಗೊಬ್ಬರು ಸಾಕಂತೆ.